ಕೆಲ್ಲರ್‌ನ ಮೇಲೆ

ಜರ್ಮನ್ ಭಾಷೆಯ 'ಕೆಲ್ಲರ್' ಎಂಬ ಪದಕ್ಕೆ ನಿಘಂಟುಗಳು ಕೊಡುವ ಅರ್ಥ ನೆಲಮಾಳಿಗೆ ಎಂದು. ಆದರೆ ಬವೇರಿಯಾ ರಾಜ್ಯದ ಉತ್ತರ ಭಾಗದ ಫ್ರಾಂಕೋನಿಯಾ ಸೀಮೆಯಲ್ಲಿ, ಅದರಲ್ಲೂ ಬಾಂಬೆರ್ಗ್ ಮತ್ತು ಫೋರ್ಖ್‌ಹೈಮ್ ಪಟ್ಟಣಗಳ ಆಸುಪಾಸಿನಲ್ಲಿ, ಬೇಸಿಗೆಯ ಸಂಜೆ ಬಿಯರ್ ಕುಡಿಯಲು ಹೊರಟವರು ಕೆಲ್ಲರ್‌ನ ಒಳಕ್ಕೆ ಹೋಗುತ್ತೇವೆ ಎನ್ನದೆ ಕೆಲ್ಲರ್‌ನ ಮೇಲಕ್ಕೆ ಹೋಗುತ್ತೇವೆ ಎನ್ನುತ್ತಾರೆ. ಕನ್ನಡದ 'ನೆಲಮಾಳಿಗೆ'ಯೂ ಇಂಥದೇ ಸೋಜಿಗದ ಪದವಾಗಿದ್ದು, ಮೇಲಂತಸ್ತನ್ನು ಸೂಚಿಸುವ ಮಾಳಿಗೆ ಅಲ್ಲಿ ನೆಲದಡಿಗೆ ಇಳಿದಿದೆ. ಫ್ರಾಂಕೋನಿಯಾದಲ್ಲಿ ನೆಲದಡಿಯ ಕೋಣೆಯ ಹೆಸರು ಮರದ ನೆರಳಿಗೆ ಏರಿದೆ.

ಪದದ ಮೂಲ ಲ್ಯಾಟಿನ್ನಿನ 'ಸೆಲ್ಲಾರಿಯಂ', ಎಂದರೆ ಉಗ್ರಾಣ. ಜರ್ಮನ್ನಿನಲ್ಲಿ ಇಂದು ಹೋಟೆಲಿನ ಮಾಣಿಯನ್ನು ಕರೆಯುವ 'ಕೆಲ್ನರ್' ಎಂಬ ಮಾತೂ ಮೊದಲಿಗೆ ಉಗ್ರಾಣವನ್ನು ನೋಡಿಕೊಳ್ಳುವವನ ಹೆಸರಾಗಿತ್ತು.

ಅರ್ಥ ಹೀಗೆ ನೆಲದ ಮೇಲಕ್ಕೆ ಬಂದುದಕ್ಕೆ ಕಾರಣ ಯೀಸ್ಟ್. ಈ ಸೀಮೆಯ ಬಿಯರನ್ನು ಹುದುಗಿಸುವ ಯೀಸ್ಟ್ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡಿ ಪಾತ್ರೆಯ ತಳಕ್ಕೆ ಇಳಿಯುವ ಬಗೆಯದಾದ್ದರಿಂದ, ಮತ್ತು ಹುದುಗಿದ ಬಿಯರನ್ನು ಅದೇ ತಂಪಿನಲ್ಲಿ ವಾರಗಟ್ಟಲೆ ಇರಿಸಿ ಮಾಗಿಸಬೇಕಾದ್ದರಿಂದ ('ಲಾಗರ್' ಎಂಬ ಹೆಸರಿನ ಅರ್ಥವೇ ಸಂಗ್ರಹ), ಬೇಸಿಗೆಯ ತಯಾರಿಕೆ ಹಿಂದೆ ಬಲು ಕಷ್ಟದ್ದಾಗಿತ್ತು. ಬವೇರಿಯಾದಲ್ಲಂತೂ 1539ರ ಕಟ್ಟಳೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಯರ್ ಕಾಯಿಸುವುದನ್ನೇ ನಿಷೇಧಿಸಿತ್ತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಮ್ಯೂನಿಕ್ಕಿನಲ್ಲಿ ಬಳಕೆಗೆ ಬರುವ ತನಕ ತಂಪಿಗೆ ಗುಡ್ಡವೇ ಗತಿಯಾಗಿದ್ದು, ತಯಾರಕರು ಊರ ಹೊರಗಿನ ಮರಳುಗಲ್ಲಿನ ಇಳಿಜಾರುಗಳಲ್ಲಿ ಸುರಂಗ ಕೊರೆದು, ಚಳಿಗಾಲದಲ್ಲಿ ಕೊಯ್ದ ಹಿಮಗಡ್ಡೆ ತುಂಬಿ, ಮೇಲಿನ ನೆಲಕ್ಕೆ ಬಿಸಿಲು ತಾಗದಂತೆ ಚೆಸ್ಟ್‌ನಟ್ ಮತ್ತು ಲಿಂಡೆನ್ ಮರಗಳನ್ನು ನೆಟ್ಟರು. ಬಿಯರ್ ಗುಡ್ಡದೊಳಗಿದ್ದಾಗ ಕುಡಿಯುವವರೂ ಗುಡ್ಡ ಹತ್ತಿದರು, ಆ ಮರಗಳ ಕೆಳಗೆ ಬೆಂಚು ಬಂತು, ಬೆಂಚಿನ ಜಾಗಕ್ಕೆ ಸುರಂಗದ ಹೆಸರೇ ನಿಂತಿತು.

ಬಿಯರ್ ಮಾಡುವುದನ್ನೇ ಕಸುಬಾಗಿಸಿಕೊಂಡು ಯುರೋಪಿನ ಊರೂರಿನ ರುಚಿ ನೋಡಲು ಹೊರಟವರಿಗೆ ಇಲ್ಲಿ ರೈಲಿಗಿಂತ ಒಳ್ಳೆಯ ವಾಹನವಿಲ್ಲ, ಮತ್ತು ರೈಲಿಗೂ ಬಿಯರಿಗೂ ಇಲ್ಲಿ ಹಳೆಯ ನಂಟಿದೆ: ಜರ್ಮನಿಯ ಮೊದಲ ಉಗಿಬಂಡಿಯ ಹಾದಿ 1835ರಲ್ಲಿ ನ್ಯೂರೆಂಬರ್ಗ್ ಮತ್ತು ಫ್ಯೂರ್ತ್ ನಡುವೆ ತೆರೆಯಿತು, ಮರುವರ್ಷ ಅದರ ಮೇಲೆ ಸಾಗಿದ ಮೊದಲ ಸರಕು ಲೇಡರರ್ ಬಿಯರ್ ತಯಾರಿಕಾಲಯದ ಎರಡು ಪೀಪಾಯಿಗಳು. ಇಂದು ನ್ಯೂರೆಂಬರ್ಗ್‌ನಿಂದ ಬಾಂಬೆರ್ಗ್‌ಗೆ ಹೋಗುವ ಲೋಕಲ್ ರೈಲು ಫೋರ್ಖ್‌ಹೈಮ್‌ನಲ್ಲಿ ನಿಲ್ಲುತ್ತದೆ. ಆ ಊರಿನ ಅಂಚಿನಲ್ಲಿ 'ಕೆಲ್ಲರ್‌ವಾಲ್ಡ್', ಅಂದರೆ ಕೆಲ್ಲರ್‌ಗಳ ಕಾಡು, ಎಂದೇ ಹೆಸರಾದ ಗುಡ್ಡವಿದ್ದು, ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೆಲ್ಲರ್‌ಗಳು ಒತ್ತೊತ್ತಾಗಿವೆ. ಅಲ್ಲಿನ ಊಟಕ್ಕೆ 'ಬ್ರೋಟ್‌ಸೈಟ್', ಬ್ರೆಡ್ಡಿನ ಹೊತ್ತು, ಎಂದು ಹೆಸರು: ಹುಳಿಹಿಟ್ಟಿನ ಬ್ರೆಡ್ಡು, ತಣ್ಣನೆಯ ಸಾಸೇಜು, ಮೂಲಂಗಿ, ಮಾಗಿದ ಚೀಸನ್ನು ಬೆಣ್ಣೆ, ಈರುಳ್ಳಿ, ಕೆಂಪುಮೆಣಸಿನ ಪುಡಿಯೊಂದಿಗೆ ಕಲಸಿದ 'ಗೆರುಪ್ಫ್‌ಟರ್'. ಬಿಯರನ್ನು ಮಾತ್ರ ಕೊಂಡು ಬುತ್ತಿಯನ್ನು ಮನೆಯಿಂದಲೇ ತರುವ ಪದ್ಧತಿ ಬವೇರಿಯಾದಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ರಾಜ್ಯ ಸರ್ಕಾರದ 1999ರ ಬಿಯರ್ ತೋಟಗಳ ನಿಯಮಾವಳಿ ಅದನ್ನು ಬಿಯರ್ ತೋಟದ ಲಕ್ಷಣವೆಂದೇ ಎಣಿಸಿತು. ಸಿರಿವಂತನೂ ಕೂಲಿಕಾರನೂ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಬಹುದಾದ ಈ ಏರ್ಪಾಡು ಆ ಸೀಮೆಯ ಅತ್ಯುತ್ತಮ ಸಂಗತಿಗಳಲ್ಲಿ ಒಂದು.

ಪದದ ಮೂರನೆಯ ಬದುಕು 'ಕೆಲ್ಲರ್‌ಬಿಯರ್'. ಸೋಸದೆ, ಯೀಸ್ಟ್ ಉಳಿದು ಮಬ್ಬಾಗಿರುವಂತೆಯೇ ಬಡಿಸುವ ಬಿಯರಿಗೆ ಇದು ಹೆಸರಾಗಿದ್ದು, ಅದರ ಹತ್ತಿರದ ಬಂಧು 'ಉನ್‌ಗೆಶ್ಪುಂಡೆಟ್', ಎಂದರೆ ಬಿರಡೆ ಬಿಗಿಯದ್ದು: ಮಾಗುವಾಗ ಪೀಪಾಯಿಯ ಬಾಯಿ ಬಿಗಿಯದೆ ಬಿಟ್ಟರೆ ಅನಿಲ ಹೊರಹೋಗಿ, ಬಿಯರ್ ಹೆಚ್ಚು ಚುರುಗುಟ್ಟದೆ ನಾಲಿಗೆಯ ಮೇಲೆ ಮೆತ್ತಗಾಗುತ್ತದೆ. ಬಾಂಬೆರ್ಗ್‌ನ ಮಾರ್ಸ್ ಬ್ರಾಯ್ ಬಿಯರ್ ತಯಾರಿಕಾಲಯದಲ್ಲಿ ಈ ಉದ್ದನೆಯ ಪದವನ್ನು ಯಾರೂ ಉಚ್ಚರಿಸದೆ, 'ಆ ಊ' ಎಂಬ ಎರಡು ಸ್ವರಗಳಲ್ಲಿ, ಅಂದರೆ 'ಒಂದು ಊ' ಎಂದು, ಲೋಟ ತರಿಸಿಕೊಳ್ಳುತ್ತಾರೆ.

ಈಗ ಕೆಲ್ಲರ್‌ಬಿಯರ್ ಎಂಬ ಹೆಸರು ಗುಡ್ಡವೂ ಸುರಂಗವೂ ಇಲ್ಲದ ನಗರಗಳ ಬಾಟಲಿಗಳ ಮೇಲೂ ಕಾಣುತ್ತದೆ. ಅದು ತಪ್ಪಲ್ಲವಾದರೂ, ಅಂಥ ಬಿಯರ್ ಮಾಡಬಯಸುವವರು ಒಮ್ಮೆಯಾದರೂ ಮೂಲದ ಲೋಟವನ್ನು ಮೂಲದ ಜಾಗದಲ್ಲಿ ಹಿಡಿಯಬೇಕು. ಸೋಸದ ಬಿಯರ್ ದೂರದ ಪ್ರಯಾಣವನ್ನೂ ಬಿಸಿಯನ್ನೂ ತಾಳದು, ಬಯಲಿನ ಕೆಲ್ಲರ್‌ಗಳೂ ಸಾಮಾನ್ಯವಾಗಿ ಹವೆ ಚೆನ್ನಾಗಿರುವ ತಿಂಗಳುಗಳಲ್ಲಷ್ಟೇ ತೆರೆದಿರುವುದರಿಂದ, ಪ್ರವಾಸವನ್ನು ಮೇ ಮತ್ತು ಸೆಪ್ಟೆಂಬರ್ ನಡುವೆ ಇರಿಸಿಕೊಳ್ಳುವುದು ಒಳಿತು.