ಮರಳಿ ಬಂದವರ ಧೈರ್ಯ

ನಮ್ಮ ನಾಡಿನ ಕ್ರೈಸ್ತರ ಬಗ್ಗೆ ಅತಿ ಕಠಿಣವಾದ ಮಾತನ್ನು ಬರೆದಿಟ್ಟವರು ಅವರ ನಡುವೆಯೇ ಬದುಕಿ, ಅವರಿಗಾಗಿಯೇ ಸವೆದ ಒಬ್ಬ ಗುರು. ಫ್ರಾನ್ಸಿನಿಂದ 1792ರಲ್ಲಿ ಬಂದ ಅಬ್ಬೆ ದುಬಾಯ್ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಮೈಸೂರು ಸೀಮೆಯ ಜನರ ಬಾಯಲ್ಲಿ ‘ದೊಡ್ಡ ಸ್ವಾಮಿ’ ಆದರು. ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ಹಿಂದಿರುಗಿದ ಮೇಲೆ, ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಟಿಪ್ಪು ಸುಲ್ತಾನನ ಕಾಲದ ಕ್ರೈಸ್ತ ಸೆರೆಯಾಳುಗಳನ್ನು ನೆನೆದು ಅದರಲ್ಲಿ ಅವರು ನೊಂದುಕೊಳ್ಳುತ್ತಾರೆ. ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲ ಎಂಬುದು ಅವರ ದೂರು. ಈ ದೇಶದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವೇ ಇಲ್ಲ ಎಂಬಲ್ಲಿಗೆ ಅವರ ಮನಸ್ಸು ಬಂದು ನಿಂತಿತ್ತು. ಜೇಮ್ಸ್ ಹಾಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟ್ ಬೋಧಕರು ಮರುವರ್ಷವೇ ಪುಸ್ತಕ ಬರೆದು ಅವರಿಗೆ ಉತ್ತರ ಕೊಟ್ಟರು.

ಬೆಂಗಳೂರಿನ ನಮ್ಮ ಪೀಣ್ಯ ಭಾಗದ ಕನ್ನಡ ಸಭೆಗಳ ಈ ಸಂಚಿಕೆಗೆ ಇತಿಹಾಸ ಬರೆಯಲು ಕುಳಿತಾಗ ನನ್ನನ್ನು ಬಿಡದೆ ಕಾಡಿದ್ದು ದುಬಾಯ್ ಅವರ ಈ ದೂರು. ನಾನು ಸಿಎಸ್‌ಐ ಸಭೆಯವನು, ಅವರು ಕಥೋಲಿಕ ಗುರು. ಆದರೂ ಅವರ ಮಾತು ನಮ್ಮೆಲ್ಲರ ಹಿರಿಯರಿಗೂ ತಗಲುತ್ತದೆ. ಅದಕ್ಕೆ ಕನ್ನಡದಲ್ಲೊಂದು ಉತ್ತರ ಬೇಕು.

ಆ ಸೆರೆಯಾಳುಗಳ ಹಿಂದಿನ ಕತೆ ಚಿಕ್ಕದಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸುಯಿಟ್ ಗುರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಹಳ್ಳಿಹಳ್ಳಿಗಳಲ್ಲಿ ಸಣ್ಣ ಸಣ್ಣ ಸಮುದಾಯಗಳು ಬೆಳೆದವು. 1773ರಲ್ಲಿ ಪೋಪರೇ ಜೆಸುಯಿಟ್ ಸಂಘವನ್ನು ರದ್ದು ಮಾಡಿದಾಗ ಈ ಕುರಿಗಳಿಗೆ ಕುರುಬರು ವಿರಳವಾದರು. ಹನ್ನೊಂದೇ ವರ್ಷಕ್ಕೆ ಇನ್ನೊಂದು ಹೊಡೆತ ಬಿತ್ತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬ ಶಂಕೆಯ ಮೇಲೆ 1784ರಲ್ಲಿ ಟಿಪ್ಪುವಿನ ಸೈನಿಕರು ಕರಾವಳಿಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಮೂವತ್ತು ಸಾವಿರ ಎನ್ನುವವರಿದ್ದಾರೆ, ಎಂಬತ್ತು ಸಾವಿರ ಎನ್ನುವವರೂ ಇದ್ದಾರೆ. ದಾರಿಯಲ್ಲೇ ಸತ್ತವರು ಅನೇಕರು. ಗಂಡಸರಿಗೆ ಸುನ್ನತಿ ಮಾಡಿಸಿ, ಮತ ಬದಲಿಸಿ, ಹೊಸ ಹೆಸರಿಟ್ಟು, ಯುವಕರನ್ನು ದಂಡಿಗೆ ಸೇರಿಸಿದರು. ಹೆಂಗಸರೂ ಮಕ್ಕಳೂ ಚದುರಿಹೋದರು. ಇದನ್ನು ಬರೆಯುವಾಗ ಒಂದು ಮಾತು ಸೇರಿಸಲೇಬೇಕು. ಅದು ಒಬ್ಬ ಅರಸನ ರಾಜಕಾರಣ, ಒಂದು ಯುದ್ಧದ ಕಹಿ. ಅದನ್ನು ಇಂದಿನ ಮುಸ್ಲಿಂ ನೆರೆಯವರ ಮೇಲೆ ಹಗೆ ಹೊತ್ತಿಸಲು ಬಳಸುವ ಕ್ರೈಸ್ತನು ತನ್ನ ಹಿರಿಯರ ನೋವನ್ನೇ ಮಾರಿಕೊಂಡಂತೆ.

ಹದಿನೈದು ವರ್ಷ ಕಳೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು. ದುಬಾಯ್ ಬಂದು, ಉಳಿದವರನ್ನು ಹುಡುಕಲು ಹೊರಟರು. ಆಗ ನಡೆದ ಸಂಗತಿಯೇ ಅವರ ದೂರಿಗೆ ಉತ್ತರ ಎಂದು ನನ್ನ ನಂಬಿಕೆ. ಜನ ಮರಳಿ ಬಂದರು. ಸೆರೆಯಲ್ಲಿ ಬೆಳೆದ ಹುಡುಗನಿಗೆ ಪೂಜೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ತಾಯಿ ಪಿಸುಮಾತಿನಲ್ಲಿ ಕಲಿಸಿದ ಪ್ರಾರ್ಥನೆ ಇದ್ದರೆ ಅದೇ ಅವನ ಸಭೆ, ಅದೇ ಅವನ ಗುರು. ಮರಳಿ ಬಂದವರಿಗೆ ಕಾದಿದ್ದುದು ಏನು? ಹಳೆಯ ಮನೆ ಇಲ್ಲ, ಹೊಲ ಇಲ್ಲ, ಬಂಧುಗಳು ಒಳಗೊಳಗೇ ಜರೆಯುತ್ತಾರೆ, ಗುರುಗಳೇ ಹೇಡಿಗಳೆಂದು ನೊಂದುಕೊಳ್ಳುತ್ತಾರೆ. ಹೊಸ ಹೆಸರಿನಲ್ಲೇ ಹಾಯಾಗಿ ಇದ್ದುಬಿಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೂ ನಾಚಿಕೆಯನ್ನು ನುಂಗಿಕೊಂಡು, ‘ನಾವು ಬಿದ್ದೆವು, ನಮ್ಮನ್ನು ಸೇರಿಸಿಕೊಳ್ಳಿ’ ಎಂದು ಬಂದು ನಿಂತರಲ್ಲ, ಅದಕ್ಕೆ ಬೇಕಾದ ಎದೆಗಾರಿಕೆಯನ್ನು ದುಬಾಯ್ ಕಣ್ಣಾರೆ ಕಂಡರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೆರೆಯಲ್ಲೂ ಮಣಿಯದೆ ಸತ್ತವರ ನೆನಪುಗಳು ಕರಾವಳಿಯ ಮನೆಗಳಲ್ಲಿ ಬೇರೆಯೇ ಉಳಿದಿವೆ. ಆದರೆ ನನ್ನ ವಾದಕ್ಕೆ ಹುತಾತ್ಮರು ಬೇಕಿಲ್ಲ.

ಬಿದ್ದವರನ್ನು ಏನು ಮಾಡಬೇಕೆಂಬುದು ಸಭೆಯ ಬಹಳ ಹಳೆಯ ಜಗಳ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದಾಗ ಸಾವಿರಾರು ಕ್ರೈಸ್ತರು ಹೆದರಿ ಮಣಿದರು, ಕೆಲವರು ಲಂಚ ಕೊಟ್ಟು ಪತ್ರ ಕೊಂಡರು. ಕಿರುಕುಳ ತಣ್ಣಗಾದ ಮೇಲೆ ಅವರು ಅಳುತ್ತ ಬಂದರು. ಇವರಿಗೆ ಸಭೆಯಲ್ಲಿ ಇನ್ನು ಜಾಗವೇ ಇಲ್ಲವೆಂದು ನೊವೇಷಿಯನ್ ಎಂಬ ರೋಮಿನ ಗುರು ಹಟ ಹಿಡಿದ. ಪಶ್ಚಾತ್ತಾಪ ಪಟ್ಟವರನ್ನು ಒಳಗೆ ಬಿಡಬೇಕು ಎಂದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ನಿಂತರು. ಸಭೆ ಸಿಪ್ರಿಯನ್ನರ ಕಡೆ ವಾಲಿತು. ನೊವೇಷಿಯನ್ನನ ಕಟ್ಟುನಿಟ್ಟೇ ತಪ್ಪುಬೋಧನೆ ಎನಿಸಿತು. ಕರುಣೆಯ ಪರ ನಿಂತ ಆ ಸಿಪ್ರಿಯನ್ 258ರಲ್ಲಿ ತಮ್ಮ ಸರದಿ ಬಂದಾಗ ಕತ್ತಿಗೆ ಕೊರಳು ಕೊಟ್ಟರು. ನಂಬಿಕೆಯಲ್ಲಿ ಗಟ್ಟಿಯಾಗಿರುವುದಕ್ಕೂ ಬಿದ್ದವನ ಕೈ ಹಿಡಿಯುವುದಕ್ಕೂ ಒಬ್ಬನೇ ಮನುಷ್ಯನಲ್ಲಿ ಎಡೆಯಿತ್ತು.

ದುಬಾಯ್ ಅವರನ್ನು ಕಡೆಗಣಿಸಿ ಬರೆಯುವುದು ಅನ್ಯಾಯ. ಬರಿಗೈಯಲ್ಲಿದ್ದವರಿಗೆ ಹಾಸನ ಸೀಮೆಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿಗೆ ಲಸಿಕೆ ಆಗಷ್ಟೇ ಬಂದಿತ್ತು. 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಬೆಂಗಳೂರಿನ ಬ್ಲ್ಯಾಕ್‌ಪಳ್ಳಿಯಲ್ಲಿ, ಇಂದು ಸೇಂಟ್ ಮೇರಿಸ್ ಬೆಸಿಲಿಕಾ ಇರುವಲ್ಲಿ, ಹುಲ್ಲುಮಾಡಿನ ಗುಡಿಯೊಂದು ಎದ್ದುದೂ ಅವರಿಂದಲೇ. ಇಷ್ಟು ಮಾಡಿದವರು ಕೊನೆಗೆ ಭರವಸೆ ಕಳೆದುಕೊಂಡು ಹಡಗು ಹತ್ತಿದರು. ಅವರು ಕೈಬಿಟ್ಟ ಜನ ಮಾತ್ರ ಇಲ್ಲೇ ಉಳಿದರು, ಇಂದಿಗೂ ಇದ್ದಾರೆ.

ಮುಂದಿನ ದೊಡ್ಡ ಪರೀಕ್ಷೆ ಧಾತು ಈಶ್ವರ ಬರ, 1876ರಿಂದ 78ರವರೆಗೆ. ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲೊಬ್ಬರು ಅಳಿದರು ಎಂದು ಅಂದಾಜು. ನಮ್ಮ ವೈಟ್‌ಫೀಲ್ಡಿನಾಚೆ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಮಹಿಳೆ ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ಕೋಲಾರದ ಇಟಿಸಿಎಂ ಆಸ್ಪತ್ರೆ ಅದೇ ಮಿಷನ್ನಿನ ಬಳುವಳಿ. ಪೀಣ್ಯದಿಂದ ಹೆಸರಘಟ್ಟದ ಕಡೆಗೆ ಹೋದರೆ ಸಿಗುವ ಸಿಲುವೆಪುರ ಆ ಬರದ ನಂತರ ಬೆಳೆದ ಕನ್ನಡ ಕಥೋಲಿಕರ ಊರು. ಬರದ ಕಾಲದಲ್ಲಿ ಸಭೆಗೆ ಬಂದವರನ್ನು ‘ಗಂಜಿಗಾಗಿ ಸೇರಿದವರು’ ಎಂದು ಆಡಿಕೊಳ್ಳುವುದು ಇಂದಿಗೂ ನಿಂತಿಲ್ಲ. ಹಸಿದ ಮಗು ಗಂಜಿ ಕುಡಿದದ್ದು ನಿಜ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಬರ ಎರಡೇ ವರ್ಷದಲ್ಲಿ ಮುಗಿಯಿತು, ಗಂಜಿಯ ಹಂಡೆ ಕೆಳಗಿಳಿಯಿತು. ಆಮೇಲೆ ನಾಲ್ಕೈದು ತಲೆಮಾರು ಅದೇ ನಂಬಿಕೆಯಲ್ಲಿ ಹೊಲ ಉತ್ತು, ಮಕ್ಕಳನ್ನು ಓದಿಸಿ, ಸತ್ತವರನ್ನು ಮಣ್ಣು ಮಾಡಿದವರನ್ನು ಯಾವ ಗಂಜಿ ಹಿಡಿದಿಟ್ಟಿತ್ತು? ಆಡಿಕೊಳ್ಳುವವರು ಅದನ್ನು ಹೇಳುವುದಿಲ್ಲ.

ವೈಟ್‌ಫೀಲ್ಡಿನ ಕತೆ ಬೇರೆ ಜಾಡಿನದು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು, ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಆ ಊರಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು 1963ರಲ್ಲಿ ರೆವರೆಂಡ್ ಎಂ.ಎ. ಥಾಮಸ್ ಕಟ್ಟಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಬಹಳಷ್ಟು ಚರ್ಚ್ ನಾಯಕರು ಬಾಯಿಮುಚ್ಚಿಕೊಂಡರು, ಕೆಲವರು ಹೊಗಳಿದರು. ಅಧಿಕಾರದಲ್ಲಿರುವವರಿಗೆಲ್ಲ ತಲೆಬಾಗುವುದೇ ಕ್ರೈಸ್ತನ ಧರ್ಮ ಎಂಬುದು ಆಗಿನ ಸುಲಭದ ಬೋಧನೆ. ಅದನ್ನು ಒಪ್ಪದೆ ಕೇರಳದ ಬಿಷಪ್ ಯೂಹಾನೋನ್ ಮಾರ್ ತೋಮಾ ಪ್ರಧಾನಿಗೇ ಪತ್ರ ಬರೆದರು. ಬೆಂಗಳೂರಿನ ಕ್ರೈಸ್ತ ಅಧ್ಯಯನ ಸಂಸ್ಥೆಯೊಂದನ್ನು ವರ್ಷಗಟ್ಟಲೆ ನಡೆಸಿದ್ದ ಎಂ.ಎಂ. ಥಾಮಸ್ ಮದ್ರಾಸಿನ ‘ಗಾರ್ಡಿಯನ್’ ವಾರಪತ್ರಿಕೆಯಲ್ಲಿ ತುರ್ತುಪರಿಸ್ಥಿತಿಯನ್ನು ಟೀಕಿಸಿ ಬರೆದರು. ವೈಟ್‌ಫೀಲ್ಡಿನ ಅದೇ ಎಂ.ಎ. ಥಾಮಸ್ 1977ರಲ್ಲಿ ಮಾನವ ಹಕ್ಕುಗಳಿಗಾಗಿ ವಿಜಿಲ್ ಇಂಡಿಯಾ ಮೂವ್‌ಮೆಂಟ್ ಆರಂಭಿಸಿದರು. ಇವರೆಲ್ಲ ಮೆದುಮಾತಿನ ಜನ. ಸಭೆ ಮೌನವಾಗಿದ್ದಾಗ ಮಾತಾಡಿದರು ಎಂಬುದೇ ಅವರ ಸಾಧನೆ.

ಇನ್ನು ನಮ್ಮ ಕಾಲ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಎರಡೂ ಎಪ್ಪತ್ತರ ದಶಕದ ಕೊನೆಗೆ ರೂಪುಗೊಂಡ ಕೈಗಾರಿಕಾ ಪ್ರದೇಶಗಳು. ಬೀದರ್, ಕಲಬುರಗಿ, ಬಳ್ಳಾರಿ, ಹಾಸನ, ಕೊಳ್ಳೇಗಾಲದ ಕಡೆಯಿಂದ ಬಂದವರು ಇಲ್ಲಿ ಲೇತ್ ತಿರುಗಿಸುತ್ತಾರೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾರೆ, ಕ್ಯಾಬ್ ಓಡಿಸುತ್ತಾರೆ. ಅವರ ಆರಾಧನೆ ಎರಡನೇ ಮಹಡಿಯ ಬಾಡಿಗೆ ಹಾಲಿನಲ್ಲಿ. ಭಾನುವಾರ ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿದ ಹುಡುಗ ಸೇಫ್ಟಿ ಶೂ ಬಾಗಿಲಲ್ಲಿ ಬಿಚ್ಚಿ, ಕೊರಳಿನ ಐಡಿ ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಕೊನೆಯ ಸಾಲಿನಲ್ಲಿ ಕೂರುತ್ತಾನೆ. ಪ್ರಸಂಗದ ನಡುವೆ ತೂಕಡಿಸುತ್ತಾನೆ, ಯಾರೂ ಎಬ್ಬಿಸುವುದಿಲ್ಲ. ವಿಶ್ವಾಸಪ್ರಮಾಣಕ್ಕೆ ಎಲ್ಲರೂ ಎದ್ದಾಗ ತಾನಾಗಿಯೇ ಎದ್ದು, ಒಂದು ಪದವೂ ತಪ್ಪದೆ ಹೇಳುತ್ತಾನೆ. ಎರಡು ಗಂಟೆಯ ಶಿಫ್ಟಿಗೆ ಹೋಗುವ ಹೆಣ್ಣುಮಕ್ಕಳು ಟಿಫಿನ್ ಡಬ್ಬಿ ಹಿಡಿದೇ ಬಂದಿರುತ್ತಾರೆ.

ವಿರೋಧಕ್ಕೆ ಕೊರತೆಯಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದ ಬೆನ್ನಿಗೆ ಬೆಂಗಳೂರಿನಲ್ಲಿ ಹೆಬ್ಬಾಳದ ಬಳಿಯ ಮರಿಯಣ್ಣನಪಾಳ್ಯದ ಚರ್ಚಿಗೂ ಕಿಡಿಗೇಡಿಗಳು ನುಗ್ಗಿದರು. 2021ರ ಡಿಸೆಂಬರಿನಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾನೂನಾಯಿತು. 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲು ಹೊಸ ಸಂಪುಟ ತೀರ್ಮಾನಿಸಿತು. ಆ ದಿನಗಳಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಬಹಿರಂಗವಾಗಿ ಮಾತಾಡಿದ್ದು ಎಲ್ಲ ಪಂಗಡದವರಿಗೂ ಬಲ ಕೊಟ್ಟಿತು. ಬಾಡಿಗೆ ಹಾಲಿನ ಮಾಲೀಕರು ‘ನಮಗೆ ತೊಂದರೆ ಬೇಡ, ಖಾಲಿ ಮಾಡಿ’ ಎಂದಾಗ ನಮ್ಮವರು ಕುರ್ಚಿಗಳನ್ನು ಹೊತ್ತು ಇನ್ನೊಂದು ಬೀದಿಗೆ ಹೋದರು. ಯಾರ ಮೇಲೂ ಕೈ ಎತ್ತಲಿಲ್ಲ, ಆರಾಧನೆಯನ್ನೂ ಬಿಡಲಿಲ್ಲ.

ಹೊರಗಿನ ಕಲ್ಲಿಗಿಂತ ಒಳಗಿನ ಸಿಹಿಮಾತು ನಮ್ಮನ್ನು ಹೆಚ್ಚು ಕೆಡಿಸಿದೆ ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ. 2005ರ ಜನವರಿಯಲ್ಲಿ ಅಮೆರಿಕದ ಬೋಧಕ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನ ಸಭೆ ನಡೆಸಿದಾಗ ಊರಿಗೆ ಊರೇ ಎದ್ದು ಹೋಯಿತು. ಮುಖ್ಯಮಂತ್ರಿಯೂ ವೇದಿಕೆಗೆ ಬಂದರು, ಹೊರಗೆ ಪ್ರತಿಭಟನೆಯೂ ನಡೆಯಿತು. ಅಂಥ ವೇದಿಕೆಗಳಿಂದ ಹಬ್ಬಿದ ಬೋಧನೆ ಇದು: ನಂಬಿದವನಿಗೆ ರೋಗವಿಲ್ಲ, ಬಡತನವಿಲ್ಲ, ಕಾಣಿಕೆ ಬಿತ್ತಿದರೆ ನೂರ್ಮಡಿ ಬೆಳೆ. ಹಿನ್ ಅವರೇ 2019ರಲ್ಲಿ, ಹಣ ಕೊಟ್ಟರೆ ದೇವರು ಕೊಡುತ್ತಾನೆಂಬ ಬೋಧನೆ ತಪ್ಪು ಎಂದು ಬಹಿರಂಗವಾಗಿ ಹೇಳಿದರು. ಆದರೆ ಅಷ್ಟರಲ್ಲಿ ಆ ಬೋಧನೆ ನಮ್ಮ ಗಲ್ಲಿಗಳಿಗೆ ಇಳಿದಾಗಿತ್ತು. ನಮ್ಮ ಭಾಗದ ಗಾರ್ಮೆಂಟ್ಸ್ ಟೈಲರ್ ಸಹೋದರಿಯೊಬ್ಬಳ ಪಿಎಫ್ ಹಣದ ಮೇಲೆ ಹೊರಗಿನಿಂದ ಬಂದ ಬೋಧಕನೊಬ್ಬ ಕಣ್ಣಿಟ್ಟ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸು, ಆ ಹಣವನ್ನು ಬಿತ್ತು ಎಂದ. ಆಕೆ ಪ್ರಾರ್ಥನಾಕೂಟದಲ್ಲಿ ಎಲ್ಲರೆದುರು ಕೇಳಿದಳು: ‘ಯೇಸು ಸ್ವಾಮಿಗೇ ಸ್ವಂತ ಮನೆ ಇರಲಿಲ್ಲ. ಅವರ ನಂಬಿಕೆ ಕಮ್ಮಿ ಇತ್ತಾ ಅಯ್ಯ?’ ಆತನಿಂದ ಉತ್ತರ ಬರಲಿಲ್ಲ. ಏಳನೇ ಕ್ಲಾಸು ಓದಿದ ಹೆಣ್ಣುಮಗಳು ಬಾಲ್ಯದ ಭಾನುವಾರದ ಶಾಲೆಯಲ್ಲಿ ಕಲಿತದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅಷ್ಟೇ.

ನಾವು ಹೇಳುವ ವಿಶ್ವಾಸಪ್ರಮಾಣಕ್ಕೆ ಬುನಾದಿ ಹಾಕಿದ ನೈಸಿಯದ ಮಹಾಸಭೆಗೆ 2025ಕ್ಕೆ 1,700 ವರ್ಷ ತುಂಬಿತು. ಆ ವಿಶ್ವಾಸಪ್ರಮಾಣಕ್ಕಾಗಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಐದು ಬಾರಿ ಗಡಿಪಾರಾದರು. ಬಾಯಿಪಾಠ ಎಂದು ನಾವು ತಾತ್ಸಾರ ಮಾಡುವ ಅದನ್ನೇ ಹಿಡಿದು ಪೀಣ್ಯದ ಒಬ್ಬ ಟೈಲರ್ ಮೋಸಗಾರನನ್ನು ನಿಲ್ಲಿಸಬಲ್ಲಳು.

ಒಂದು ತಪ್ಪುಬೋಧನೆಯನ್ನು ಯಾವ ವಿದೇಶಿ ಬೋಧಕನೂ ತರಲಿಲ್ಲ. ಜಾತಿ ನೋಡಿ ಸಂಬಂಧ ಬೆಳೆಸುವುದು, ಜಾತಿ ನೋಡಿ ಸಭೆಯ ಚುನಾವಣೆಗೆ ಓಟು ಹಾಕುವುದು ನಮ್ಮಲ್ಲಿದೆ. ಒಂದೇ ಬಟ್ಟಲಿನಿಂದ ಪಾಲು ತೆಗೆದುಕೊಂಡವರು ಹೀಗೆ ನಡೆದರೆ ವಿಶ್ವಾಸಪ್ರಮಾಣ ಹೇಳಿ ಏನು ಫಲ? ಇದನ್ನು ಎದುರಿಸುವ ಧೈರ್ಯ ನಮಗಿನ್ನೂ ಬಂದಿಲ್ಲ.

ಈ ಸಂಚಿಕೆ ಕೈಗೆ ಬಂದವರಲ್ಲಿ ಒಂದು ಕೇಳಿಕೆ ಇದೆ. ನಮ್ಮ ಸಭೆಗಳನ್ನು ಕಟ್ಟಿದ ಉಪದೇಶಿಗಳ, ಮನೆಮನೆ ತಿರುಗಿ ಸತ್ಯವೇದ ಓದಿಸಿದ ಹೆಂಗಸರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಅಜ್ಜಿ ಯಾವ ಊರಿನಿಂದ ಬಂದರು, ಯಾರಿಂದ ಪ್ರಾರ್ಥನೆ ಕಲಿತರು, ಯಾವಾಗ ಬಿಟ್ಟುಹೋಗಿ ಯಾವಾಗ ಮರಳಿ ಬಂದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯ ದೀಕ್ಷಾಸ್ನಾನದ ಚೀಟಿಯಿದ್ದರೆ ಅದರ ನಕಲಿನೊಂದಿಗೆ ನಿಮ್ಮ ಸಭಾಪಾಲಕರ ಕೈಗೆ ಕೊಡಿ. ಬಿಟ್ಟುಹೋದ ಭಾಗವನ್ನು ಮುಚ್ಚಿಡಬೇಡಿ.