ಮರುಹೇಳಿಕೆಯೂ ವಿಮರ್ಶೆಯೇ: ಗದಗ ಸೀಮೆಯ ಸಾವಿರ ವರ್ಷದ ಓದು

ಕನ್ನಡ ಸಾಹಿತ್ಯ ವಿಮರ್ಶೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದಿಂದ ಹೇಳುವುದು ರೂಢಿ. ಇಂಗ್ಲಿಷ್ ಓದಿದ ಅಧ್ಯಾಪಕರು ಬಂದರು, ಪಾಶ್ಚಾತ್ಯ ವಿಮರ್ಶೆಯ ಪರಿಚಯವಾಯಿತು, ಆಮೇಲೆ ನಾವು ಕೃತಿಗಳನ್ನು ಪ್ರಶ್ನಿಸಿ ಓದಲು ಕಲಿತೆವು ಎಂಬುದು ಆ ರೂಢಿಯ ಸಾರ. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಅಲಂಕಾರಶಾಸ್ತ್ರ ಮತ್ತು ಭಕ್ತಿಯ ಪಾರಾಯಣ ಮಾತ್ರ ಎಂಬ ನಂಬಿಕೆ ಅದರ ಬುಡದಲ್ಲಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಬೇರೆ ಭಾಷೆಯ, ಬೇರೆ ಮತದ, ಬೇರೆ ಕಾಲದ ಕೃತಿಯನ್ನು ಎದುರಿಗಿಟ್ಟುಕೊಂಡು ಇದರಲ್ಲಿ ಯಾವುದು ನಮಗೆ ಒಪ್ಪಿಗೆ, ಯಾವುದು ಅಲ್ಲ, ಯಾಕೆ ಅಲ್ಲ ಎಂದು ಕೇಳುವ ಪದ್ಧತಿ ಇಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಆ ಪ್ರಶ್ನೆಗಳಿಗೆ ಉತ್ತರ ಪ್ರಬಂಧದ ರೂಪದಲ್ಲಿ ಬರಲಿಲ್ಲ, ಮರುಹೇಳಿಕೆಯ ರೂಪದಲ್ಲಿ ಬಂತು. ಮರುಹೇಳಿಕೆಯನ್ನು ವಿಮರ್ಶೆಯೆಂದು ಓದಲು ಕಲಿಯದಿದ್ದರೆ ನಮ್ಮ ವಿಮರ್ಶೆಯ ಚರಿತ್ರೆಯ ದೊಡ್ಡ ಭಾಗವೇ ನಮ್ಮ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಿಂದಲೇ ಶುರುಮಾಡಬಹುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಈ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೇಳಿ, ಅದರೊಳಗೂ ತಿರುಳ್ಗನ್ನಡದ ನೆಲವನ್ನು ಗುರುತಿಸಲು ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆಗೆ ಪುಲಿಗೆರೆಯನ್ನು ಹೆಸರಿಸುತ್ತದೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಈ ಗ್ರಂಥಕ್ಕೆ ಆಧಾರ ದಂಡಿಯ ಸಂಸ್ಕೃತ 'ಕಾವ್ಯಾದರ್ಶ'. ಆದರೆ ಶ್ರೀವಿಜಯ ದಂಡಿಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಲಿಲ್ಲ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸದಲ್ಲಿ ಬೆಸೆಯುವಾಗ ಕೇಡಾಗುವುದೆಲ್ಲಿ, ಕನ್ನಡದ ಆದಿಪ್ರಾಸಕ್ಕೆ ಇರುವ ಬೆಲೆಯೇನು ಎಂಬಂಥ, ದಂಡಿ ಕೇಳಲೇಬೇಕಿರದಿದ್ದ ಪ್ರಶ್ನೆಗಳನ್ನು ಅವನು ಕೇಳಿದ. ಒಂದು ಭಾಷೆಯ ಕಾವ್ಯಕ್ಕೆ ಹುಟ್ಟಿದ ಅಳತೆಗೋಲು ಇನ್ನೊಂದು ಭಾಷೆಯ ಕಾವ್ಯಕ್ಕೆ ಎಲ್ಲಿಯವರೆಗೆ ಒಗ್ಗುತ್ತದೆ ಎಂಬುದು ಇಂದು ತೌಲನಿಕ ಅಧ್ಯಯನದ ಮೊದಲ ಪ್ರಶ್ನೆ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥವೇ ಈ ಪ್ರಶ್ನೆಯೊಂದಿಗೆ ಹುಟ್ಟಿದೆ.

ಈ ನೆಲದ ಕನ್ನಡವನ್ನೇ ತನ್ನ ಕಾವ್ಯದ ಕನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡವನು ಪಂಪ. 941ರಲ್ಲಿ ಮುಗಿದ 'ವಿಕ್ರಮಾರ್ಜುನ ವಿಜಯ' ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ ಹುಟ್ಟಿದ್ದು. ಪಂಪನ ತಂದೆ ವೈದಿಕ ಮನೆತನದಲ್ಲಿ ಹುಟ್ಟಿ ಜೈನನಾದವನು. ಆದ್ದರಿಂದ ಮಹಾಭಾರತ ಪಂಪನಿಗೆ ಪರಿಚಿತವೂ ಹೌದು, ಪರರ ಗ್ರಂಥವೂ ಹೌದು. ಅವನು ತನ್ನ ಎರಡು ಕಾವ್ಯಗಳಲ್ಲಿ ಕೆಲಸ ಹಂಚಿಕೊಂಡ: 'ಆದಿಪುರಾಣ'ದಲ್ಲಿ ಜಿನಾಗಮ, ಭಾರತದಲ್ಲಿ ಲೌಕಿಕ. ಈ ಹಂಚಿಕೆಯೇ ಒಂದು ತೀರ್ಮಾನ. ಮತ್ತೊಬ್ಬರಿಗೆ ಪವಿತ್ರವಾದ ಗ್ರಂಥವನ್ನು ಅವನು ಹಳಿಯಲಿಲ್ಲ, ನಂಬಲೂ ಇಲ್ಲ. ಮನುಷ್ಯರ ಛಲ, ಸ್ನೇಹ, ಅವಮಾನಗಳ ಕಥೆಯಾಗಿ ಓದಿದ. ಕೃಷ್ಣನ ದೈವತ್ವ ಹಿಂದೆ ಸರಿದು ಅರ್ಜುನ ಮುಂದೆ ಬಂದ. ದ್ರೌಪದಿ ಐವರ ಹೆಂಡತಿಯಾಗದೆ ಅರ್ಜುನನೊಬ್ಬನ ಹೆಂಡತಿಯಾದಳು. ಈ ಬದಲಾವಣೆಗೆ ಪಂಪ ಬೆಲೆಯನ್ನೂ ತೆರಬೇಕಾಯಿತು. ತಮ್ಮನ ಹೆಂಡತಿಯ ಮುಡಿಗಾಗಿ ಭೀಮ ಪ್ರತಿಜ್ಞೆ ಮಾಡುವಲ್ಲಿ ಮೂಲದಲ್ಲಿದ್ದ ಸಹಜತೆ ಸಡಿಲಾಗುತ್ತದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಮೂಲದ ಒಂದು ಎಳೆಯನ್ನು ಎಳೆದಾಗ ಇಡೀ ನೇಯ್ಗೆಯಲ್ಲಿ ಎಲ್ಲಿ ಸುಕ್ಕು ಬೀಳುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವಿಮರ್ಶಾ ಲೇಖನವೂ ಕಾಣಿಸಲಾರದು.

ಇದು ಪಂಪನೊಬ್ಬನ ವಿಶೇಷವಾಗಿದ್ದರೆ ಪದ್ಧತಿ ಎನ್ನಲಾಗುತ್ತಿರಲಿಲ್ಲ. ರೋಣ ತಾಲ್ಲೂಕಿನ ಸವಡಿ ಹಿಂದಿನ ಸಯ್ಯಡಿ. ಅಲ್ಲಿಯ ದುರ್ಗಸಿಂಹ 1031ರ ಹೊತ್ತಿಗೆ 'ಪಂಚತಂತ್ರ'ವನ್ನು ಕನ್ನಡಕ್ಕೆ ತಂದ. ಲೋಕವೆಲ್ಲ ಬಲ್ಲ ವಿಷ್ಣುಶರ್ಮನ ಪಾಠವನ್ನು ಬಿಟ್ಟು ಅವನು ವಸುಭಾಗಭಟ್ಟನ ಪಾಠವನ್ನು ಆರಿಸಿಕೊಂಡ. ಪಹ್ಲವಿ, ಅರಬಿ ಭಾಷೆಗಳ ಮೂಲಕ ಯೂರೋಪಿಗೆ ಹೋದದ್ದು ಪಂಚತಂತ್ರದ ಒಂದು ದಾರಿಯಾದರೆ, ವಸುಭಾಗನ ಹೆಸರಿನ ಪಾಠ ಕನ್ನಡಕ್ಕೂ ಜಾವಾ ದ್ವೀಪದ ಕಡೆಗೂ ಬಂದದ್ದು ಇನ್ನೊಂದು ದಾರಿ. ಹಲವು ಪಾಠಗಳಿರುವಾಗ ಒಂದನ್ನು ಆರಿಸುವುದು ಓದುಗನ ವಿವೇಕದ ಕೆಲಸ. ಗದಗಿನ ಪಕ್ಕದ ಮುಳಗುಂದದಲ್ಲಿ 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನ ಇನ್ನೊಂದು ಹೆಜ್ಜೆ ಮುಂದೆ ಹೋದ. ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಹೊರಲಾರದಷ್ಟು ಸಂಸ್ಕೃತ ತುಂಬುವವರನ್ನು ಅವನು ನೇರವಾಗಿ ತರಾಟೆಗೆ ತೆಗೆದುಕೊಂಡು, ಅದು ತುಪ್ಪ ಎಣ್ಣೆಗಳನ್ನು ಬೆರೆಸಿದಂತೆ ಎಂದ. ತನ್ನ ಜೈನ ಕಥೆಗಳನ್ನು ಊರಿನ ಜನ ಬಲ್ಲ ಗಾದೆ, ಉಪಮೆಗಳ ಮಾಲೆಯಲ್ಲಿ ಪೋಣಿಸಿದ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದ್ದನ್ನು ಇವುಗಳ ಜೊತೆಗಿಟ್ಟು ನೋಡಬೇಕು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಸಾವಿರ ಸಲ ಕೈಯಿಂದ ಬರೆಸಿದ್ದು. ಓದುವವರ ಬಳಗ ಇಲ್ಲದ ನಾಡಿನಲ್ಲಿ ಯಾರೂ ಅಂಥ ಖರ್ಚಿಗೆ ಕೈಹಾಕುವುದಿಲ್ಲ.

ಪಂಪನಿಂದ ಸುಮಾರು ಐದು ಶತಮಾನಗಳ ಆಮೇಲೆ ಅದೇ ಮಹಾಭಾರತ ಗದಗಿನ ವೀರನಾರಾಯಣನ ಗುಡಿಯಲ್ಲಿ ಮತ್ತೆ ತೆರೆಯಿತು. ಕೋಳಿವಾಡದ ನಾರಣಪ್ಪ, ನಮ್ಮೆಲ್ಲರ ಕುಮಾರವ್ಯಾಸ, 'ಕರ್ಣಾಟ ಭಾರತ ಕಥಾಮಂಜರಿ'ಯನ್ನು ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಪಂಪ ಎಲ್ಲೆಲ್ಲಿ ಬೇಡವೆಂದಿದ್ದನೋ ಅಲ್ಲೆಲ್ಲ ಕುಮಾರವ್ಯಾಸ ಬೇಕೆಂದ. ಕೃಷ್ಣ ಕಥೆಯ ನಡುವಿಗೆ ಬಂದ. ದ್ರೌಪದಿ ಮತ್ತೆ ಐವರ ಹೆಂಡತಿಯಾದಳು. ಆಗಿದ್ದರಿಂದಲೇ ಕೀಚಕನ ಪ್ರಸಂಗದಲ್ಲಿ ಐವರು ಗಂಡಂದಿರಿದ್ದೂ ಕಾಯುವವರಿಲ್ಲದ ಹೆಣ್ಣಿನ ಸಿಟ್ಟು ಮತ್ತು ಸಂಕಟ ಅಷ್ಟು ಉರಿಯುವಂತೆ ಹೊಮ್ಮಿತು. ಪಂಪ ಮುಜುಗರವೆಂದು ತೆಗೆದುಹಾಕಿದ್ದರಲ್ಲೇ ಕುಮಾರವ್ಯಾಸನಿಗೆ ಸತ್ಯ ಕಂಡಿತು. ಪುಲಿಗೆರೆಯ ಕನ್ನಡದ ಭಾರತ, ಗದುಗಿನ ಭಾರತ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಕೃತಿಯ ಬಗ್ಗೆ ಇಬ್ಬರು ಮಹಾ ಓದುಗರು ಶತಮಾನಗಳ ಅಂತರದಲ್ಲಿ ನಡೆಸಿದ ವಾದ ಕೇಳಿಸುತ್ತದೆ. ಒಬ್ಬನ ಓದು ಇನ್ನೊಬ್ಬನದನ್ನು ಸುಳ್ಳು ಮಾಡುವುದಿಲ್ಲ. ಎರಡೂ ಸೇರಿ ವ್ಯಾಸಭಾರತದಲ್ಲಿ ಎಷ್ಟು ಬಿಕ್ಕಟ್ಟುಗಳಿವೆ ಎಂಬುದನ್ನು ನಮಗೆ ತೋರಿಸುತ್ತವೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಇವರು ಕವಿಗಳು, ವಿಮರ್ಶಕರಲ್ಲ. ಬದಲಾವಣೆಗೆ ಕಾರಣ ಕೃತಿಯ ವಿವೇಚನೆಯಲ್ಲ, ಆಶ್ರಯದಾತನ ಮೆಚ್ಚುಗೆ ಅಥವಾ ಮತದ ನಿಷ್ಠೆ ಎಂಬುದೇ ಅದು. ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಬೇಕಿದ್ದ ಪಂಪ ತನ್ನ ದೊರೆಗೆ ಹಂಚಿಕೊಂಡ ಹೆಂಡತಿಯನ್ನು ಕೊಡುವಂತಿರಲಿಲ್ಲ ಎಂಬುದು ನಿಜ. ಆದರೆ ಆಶ್ರಯವೇ ಎಲ್ಲವನ್ನೂ ನಿರ್ಧರಿಸಿದ್ದರೆ ಅದೇ ಕಾವ್ಯದಲ್ಲಿ ಅರ್ಜುನನ ಎದುರಾಳಿ ಕರ್ಣನಿಗೆ ಅಷ್ಟು ಎತ್ತರ ಸಿಗಬಾರದಿತ್ತು. ಭಾರತದಲ್ಲಿ ಬೇರಾರನ್ನೂ ನೆನೆಯದೆ ಕರ್ಣನೊಬ್ಬನನ್ನೇ ನೆನೆಯಬೇಕೆಂಬ ಅರ್ಥದ ಮಾತನ್ನು ಪಂಪ ಆಡುತ್ತಾನೆ. ದೊರೆಯ ಋಣ ಅವನ ಕಥೆಯ ಚೌಕಟ್ಟನ್ನು ಹಿಡಿದಿಟ್ಟಿತು, ಅವನ ತೀರ್ಪನ್ನು ಕೊಂಡುಕೊಳ್ಳಲಾಗಲಿಲ್ಲ. ಕುಮಾರವ್ಯಾಸನಿಗಂತೂ ವೀರನಾರಾಯಣನ ಹೊರತು ಬೇರೆ ಒಡೆಯನೇ ಇಲ್ಲ. ಇನ್ನು ಮತನಿಷ್ಠೆಯ ಮಾತು. ಯಾವ ನಿಲುವೂ ಇಲ್ಲದ ಓದುಗ ಇಂದಿನ ವಿಶ್ವವಿದ್ಯಾಲಯಗಳಲ್ಲೂ ಇಲ್ಲ. ಮಾರ್ಕ್ಸ್‌ವಾದಿ ಓದು, ಸ್ತ್ರೀವಾದಿ ಓದು ಎಂದು ನಾವೇ ಹೆಸರಿಟ್ಟು ಗೌರವಿಸುತ್ತೇವೆ. ಪಂಪನ ಜೈನ ನಿಲುವಿಗೆ ಅದೇ ಗೌರವ ಕೊಡದಿರುವುದಕ್ಕೆ ಕಾರಣವಿಲ್ಲ.

ಪಂಡಿತರಾಚೆ ಜನಸಾಮಾನ್ಯರಿಗೂ ಈ ಓದು ತಲುಪಿತ್ತೇ? ಇಲ್ಲಿಯ ಮಠಗಳಲ್ಲಿ, ಗುಡಿಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುವುದು ಹಳೆಯ ರೂಢಿ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಅರ್ಥ ಹೇಳುವವರು ಊರಿನ ನಡತೆಗೆ ಕಥೆಯನ್ನು ಹೊಂದಿಸಿ ತೂಗುತ್ತಾರೆ; ತಿಂಗಳ ಕೊನೆಗೆ ಮಹಾಮಂಗಲ. ಅಕ್ಷರ ಬಾರದವರಿಗೂ ಪಾತ್ರಗಳ ಸರಿತಪ್ಪುಗಳನ್ನು ಚರ್ಚಿಸುವ ಶಕ್ತಿ ಬಂದದ್ದು ಈ ಕಟ್ಟೆಗಳಲ್ಲಿ. ಮೊಹರಂ ದಿನಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳು ಇನ್ನೂ ದೂರದ ಕಥೆಯನ್ನು ಹತ್ತಿರ ತಂದವು. 680ರಲ್ಲಿ ಇರಾಕಿನ ಕರ್ಬಲದಲ್ಲಿ ನಡೆದ ದುರಂತ ಇಲ್ಲಿ ಕನ್ನಡದ ಮಟ್ಟಿನಲ್ಲಿ, ಹಿಂದೂ ಮುಸ್ಲಿಮರಿಬ್ಬರ ಬಾಯಲ್ಲೂ ಶೋಕಗೀತೆಯಾಯಿತು. ಶಿರಹಟ್ಟಿಯ ಫಕೀರೇಶ್ವರ ಮಠ ಭಾವೈಕ್ಯದ ಪೀಠವಾಗಿ ಬೆಳೆದ ನೆಲದಲ್ಲಿ ಇದು ಅಚ್ಚರಿಯಲ್ಲ. ಕರ್ಬಲದಲ್ಲಿ ನೀರಿಗಾಗಿ ಹಲುಬಿದ ಮಕ್ಕಳ ಸಂಕಟ ಬರಗಾಲ ಕಂಡ ಈ ಸೀಮೆಯವರಿಗೆ ವ್ಯಾಖ್ಯಾನವಿಲ್ಲದೆ ಅರ್ಥವಾಗುವಂಥದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಪದ್ಧತಿ ರಂಗಭೂಮಿಗೆ ಏರಿತು. ಕರ್ಕಿಯ ಭಾಗವತರ ಮೇಳ ಸಾಂಗಲಿಗೆ ಹೋಗಿ ಆಡಿದ ಆಟದ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆರಂಭಿಸಿದರು. ಮುಂದೆ ಮರಾಠಿ ಮಂಡಳಿಗಳು ನಮ್ಮ ಊರುಗಳಿಗೆ ಬಂದು ಮೆರೆದಾಗ ಕನ್ನಡದ ಮಕ್ಕಳು ಮರಾಠಿ ಪದ ಹಾಡತೊಡಗಿದರು. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಇದಕ್ಕೆ ಕೊಟ್ಟ ಉತ್ತರ ಬಹಿಷ್ಕಾರವಲ್ಲ. ಅವರು ಆ ರಂಗದ ಕಟ್ಟನ್ನು ಗಮನವಿಟ್ಟು ಓದಿ, ಕನ್ನಡದಲ್ಲಿ ನಾಟಕ ಬರೆದು, ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರವೆಂದರೆ ಗದಗವೇ. ಆ ದಾರಿಯಲ್ಲೇ ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ಮಂಡಳಿ, ಪಂಚಾಕ್ಷರ ಗವಾಯಿಗಳ ನಾಟ್ಯಸಂಘ ಬಂದವು. ಸಾಹಿತ್ಯದ ದೊಡ್ಡ ಓದುಗರು ಹೊರಗಿನದನ್ನು ಹೀಗೆ ಕಟ್ಟಿಕೊಂಡೇ ಅರಿತದ್ದು ನಮ್ಮಲ್ಲಿ ಮಾತ್ರವಲ್ಲ. ಜರ್ಮನ್ ಅನುವಾದದಲ್ಲಿ ಶಾಕುಂತಲವನ್ನು ಓದಿ ಬೆರಗಾದ ಗಯಟೆ, ಅದರ ಸೂತ್ರಧಾರನ ಪ್ರಸ್ತಾವನೆಯನ್ನು ನೆನಪಿಸುವ ಪೀಠಿಕೆಯನ್ನು ತನ್ನ 'ಫೌಸ್ಟ್'ಗೆ ಬರೆದ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಪರರದನ್ನೆಲ್ಲ ನಮ್ಮದು ಮಾಡಿಕೊಂಡರೆ ಪರರ ಪರತೆ ಉಳಿಯುವುದೆಲ್ಲಿ? 1871ರಲ್ಲಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಪ್ರಹಸನವೊಂದನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ತಂದಾಗ ಕನ್ನಡದ ಓದುಗ ನಕ್ಕ, ಆದರೆ ಎಲಿಜಬೆತ್ ಕಾಲದ ಇಂಗ್ಲೆಂಡ್ ಅವನಿಗೆ ಕಾಣಲಿಲ್ಲ. ಈ ಆಕ್ಷೇಪವನ್ನು ಒಪ್ಪಲೇಬೇಕು. ಮರುಹೇಳಿಕೆ ವಿಮರ್ಶೆಯ ಒಂದು ಅರ್ಧ ಮಾತ್ರ. ಮೂಲವನ್ನು ಅದರ ಕಾಲದೇಶಗಳಲ್ಲಿಟ್ಟು ಅರಿಯುವುದು ಇನ್ನೊಂದು ಅರ್ಧ. ಈ ಎರಡನೆಯ ಅರ್ಧವನ್ನು ಬೆಳೆಸಿದ್ದು ಆಧುನಿಕ ವಿಮರ್ಶೆ, ಆ ಉಪಕಾರ ದೊಡ್ಡದು. ಗದಗಿನಲ್ಲಿ 1928ರಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿಯವರು ಎರಡೂ ಅರ್ಧಗಳನ್ನು ಕೂಡಿಸಿದ್ದರಿಂದಲೇ ಮುಖ್ಯರಾಗುತ್ತಾರೆ. ಗುಜರಾತಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಅವರು ಪಾಶ್ಚಾತ್ಯ ವಿಮರ್ಶೆಯನ್ನು ಅರಗಿಸಿಕೊಂಡು 'ಯುಗಧರ್ಮ ಹಾಗೂ ಸಾಹಿತ್ಯ ದರ್ಶನ' ಬರೆದರು. 1995ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು 'ಉರಿಯ ನಾಲಗೆ' ಗ್ರಂಥಕ್ಕೆ. ಪಶ್ಚಿಮದ ವಿಚಾರ ಅವರಿಗೆ ಕನ್ನಡ ಪರಂಪರೆಯನ್ನು ಅಳೆಯುವ ಕೋಲಾಗಲಿಲ್ಲ, ಅದನ್ನು ಪ್ರಶ್ನಿಸುವ ಮತ್ತು ಅದರಿಂದ ಪ್ರಶ್ನೆಗೊಳಗಾಗುವ ಜೊತೆಗಾರನಾಯಿತು. ಪಕ್ಕದ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜರೂ ಇಂಗ್ಲಿಷ್ ಅಧ್ಯಾಪಕರಾಗಿದ್ದು ಕನ್ನಡದ ವಿಮರ್ಶಕರಾಗಿ ಬೆಳೆದವರು.

ಹಾಗಾದರೆ ಈ ಚರಿತ್ರೆಯಿಂದ ನಾವು ಮಾಡಬೇಕಾದದ್ದೇನು? ನಮ್ಮ ತರಗತಿಗಳಲ್ಲಿ ಹಳಗನ್ನಡ, ನಡುಗನ್ನಡ, ರಂಗಭೂಮಿ, ಜಾನಪದ, ವಿಮರ್ಶೆ ಎಂದು ಬೇರೆ ಬೇರೆ ಪತ್ರಿಕೆಗಳಾಗಿ ಕಲಿಸುವುದನ್ನು ಒಟ್ಟಿಗೆ ತರಬೇಕು. ವ್ಯಾಸನ, ಪಂಪನ, ಕುಮಾರವ್ಯಾಸನ ದ್ರೌಪದಿಯರನ್ನು ಒಂದೇ ಮೇಜಿನ ಮೇಲಿಟ್ಟು, ಯಾರು ಏನನ್ನು ಬಿಟ್ಟರು, ಯಾಕೆ ಬಿಟ್ಟರು, ಬಿಟ್ಟದ್ದರಿಂದ ಆದ ಲಾಭನಷ್ಟವೇನು ಎಂದು ವಿದ್ಯಾರ್ಥಿಗಳಿಂದ ವಾದ ಮಾಡಿಸಬೇಕು. ರಿವಾಯತ್ ಪದವನ್ನೂ ಕಂಪನಿ ನಾಟಕವನ್ನೂ ಅದೇ ಪ್ರಶ್ನೆಗಳಿಂದ ಓದಿಸಬೇಕು. ಹಾಗೆ ಓದಿದ ವಿದ್ಯಾರ್ಥಿಗೆ ಲೋಕದ ಯಾವ ಭಾಷೆಯ ಕೃತಿ ಬಂದರೂ ಎದುರಿಸುವ ಬಲ ಬರುತ್ತದೆ. ಗದಗ ಜಿಲ್ಲೆಯ ಕಾಲೇಜುಗಳು ಈ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಲಿ. ಅದಕ್ಕೆ ಬೇಕಾದ ಗ್ರಂಥಗಳೆಲ್ಲ ಅವರ ಸೀಮೆಯಲ್ಲೇ ಹುಟ್ಟಿವೆ ಅಥವಾ ಬೆಳೆದಿವೆ.