ಕವಡೆಯ ನಾಡಿನ ಹೆಂಗಸರು

"ಅದಕ್ಕೆ ಕವಡೆ ಕಾಸಿನ ಬೆಲೆಯೂ ಇಲ್ಲ" ಎಂದು ನಾವು ಸಲೀಸಾಗಿ ಆಡಿಬಿಡುತ್ತೇವೆ. ಚೌಕಾಬಾರದ ಮಣೆಯ ಮೇಲೆ ಉರುಳುವ ಕವಡೆ, ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ತೂಗುವ ಕವಡೆಯ ಸರ ನಮಗೆಲ್ಲ ಗೊತ್ತು. ಆದರೆ ಅದು ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ. ಶತಮಾನಗಳ ಕಾಲ ನಮ್ಮ ದೇಶಕ್ಕೆ, ಅದರಲ್ಲೂ ಬಂಗಾಳಕ್ಕೆ, ಕವಡೆಯನ್ನು ಹಡಗುಗಟ್ಟಲೆ ಕಳಿಸಿದ ನಾಡು ಮಾಲ್ಡೀವ್ಸ್. ಹಿಂದೂ ಮಹಾಸಾಗರದಲ್ಲಿ ಚೆಲ್ಲಿಕೊಂಡ ಸುಮಾರು 1,200 ಹವಳದ ದ್ವೀಪಗಳ ದೇಶ ಅದು. ಜನ ವಾಸಿಸುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಇಂದು ಆ ಹೆಸರು ಕೇಳಿದರೆ ನೀಲಿ ನೀರು, ಬಿಳಿ ಮರಳು, ಹನಿಮೂನು ನೆನಪಾಗುತ್ತದೆ. ಇತಿಹಾಸದ ಟೀಚರಾದ ನನಗೆ ಮಾತ್ರ ಅಲ್ಲಿಯ ಹೆಂಗಸರು ನೆನಪಾಗುತ್ತಾರೆ.

ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 1343ರಲ್ಲಿ ಅಲ್ಲಿಗೆ ಹೋದಾಗ ಆ ನಾಡನ್ನು ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಹೆಂಗಸೊಬ್ಬಳು ಪಟ್ಟದಲ್ಲಿರುವುದು ಅವನಿಗೆ ದೊಡ್ಡ ಸೋಜಿಗವಾಗಿ ಕಂಡಿತು. ಕವಡೆ, ಒಣಮೀನು, ತೆಂಗಿನ ನಾರು ಅಲ್ಲಿಂದ ಪರದೇಶಗಳಿಗೆ ಹೋಗುವುದನ್ನು ಅವನು ಬರೆದಿಟ್ಟ. ಆ ನಾರನ್ನು ಹೊಸೆದು ಹಗ್ಗ ಮಾಡುತ್ತಿದ್ದವರು ಹೆಂಗಸರು. ಹಲಗೆಗಳನ್ನು ಆ ಹಗ್ಗದಿಂದಲೇ ಹೊಲಿದು ಹಡಗು ಕಟ್ಟುತ್ತಿದ್ದರು. ಮುಂದೆ ಯುರೋಪಿನ ವರ್ತಕರು ಅದೇ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ಒಯ್ದು ಗುಲಾಮರನ್ನು ಕೊಂಡರು. ಸಮುದ್ರದಂಡೆಯಲ್ಲಿ ಆಯ್ದ ಚಿಪ್ಪು ಎಲ್ಲೋ ಒಬ್ಬ ಮನುಷ್ಯನ ಬೆಲೆಯಾಗುತ್ತದೆಂದು ಆಯ್ದವರಿಗೆ ಹೇಗೆ ತಿಳಿಯಬೇಕು?

ಕವಡೆಯ ಕಾಲ ಮುಗಿದ ಮೇಲೆ ಮನೆ ನಡೆಸಿದ್ದು ಮೀನು. ಗಂಡಸರು ಟ್ಯೂನಾ ಹಿಡಿದು ತರುವರು. ಸೀಳಿ, ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಹಾಕಿ ಕಟ್ಟಿಗೆಯಂತೆ ಗಟ್ಟಿ ಮಾಡುವುದು ಹೆಂಗಸರ ಕೆಲಸ. ಸಿಂಹಳದ ಅಡುಗೆಗೆ ಅದು ಬೇಕೇ ಬೇಕು. ಆದರೆ 1970ರ ದಶಕದ ಆರಂಭದಲ್ಲಿ ಶ್ರೀಲಂಕಾ ವಿದೇಶಿ ವಿನಿಮಯದ ಮುಗ್ಗಟ್ಟಿಗೆ ಸಿಕ್ಕಿ ಈ ಖರೀದಿಯನ್ನು ಕಡಿಮೆ ಮಾಡಿತು. ಆಗಲೇ ಪರದೇಶದ ಕಂಪನಿಗಳು ಹಸಿ ಮೀನನ್ನು ನೇರವಾಗಿ ದೋಣಿಯವರಿಂದಲೇ ಕೊಳ್ಳತೊಡಗಿದವು. ಮೀನು ಮನೆಯಂಗಳಕ್ಕೆ ಬರುವುದು ಕಡಿಮೆಯಾಯಿತು. ಒಲೆಯ ಮುಂದೆ ಕೂತು ಮನೆಗೆ ನಾಲ್ಕು ಕಾಸು ಸೇರಿಸುತ್ತಿದ್ದ ಹೆಂಗಸಿನ ಕೈ ಬರಿದಾಯಿತು.

ಆ ಹೊತ್ತಿಗೆ ಬಂದದ್ದೇ ಪ್ರವಾಸೋದ್ಯಮ. 1972ರ ಫೆಬ್ರವರಿಯಲ್ಲಿ ಇಟಲಿಯಿಂದ ಪ್ರವಾಸಿಗರ ಒಂದು ಸಣ್ಣ ಗುಂಪು ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಕುರುಂಬಾ ಎಂದರೆ ಅವರ ದಿವೇಹಿ ಭಾಷೆಯಲ್ಲಿ ಎಳನೀರು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಸೂರು, 30 ಕೋಣೆ, ಅಷ್ಟೆ. ಆ ವರ್ಷ ಸಾವಿರದಷ್ಟು ಜನ ಬಂದ ನಾಡಿಗೆ 2024ರಲ್ಲಿ ಬಂದವರು 20 ಲಕ್ಷಕ್ಕೂ ಹೆಚ್ಚು. ನಾಡಿನ ಜನಸಂಖ್ಯೆಯಾದರೋ 2022ರ ಗಣತಿಯಂತೆ ಐದು ಲಕ್ಷ ಚಿಲ್ಲರೆ.

ಇದರಿಂದ ಒಳ್ಳೆಯದಾಗಲಿಲ್ಲವೆಂದರೆ ತಪ್ಪಾಗುತ್ತದೆ. ಶಾಲೆ, ಆಸ್ಪತ್ರೆಗಳು ಬಂದವು. 2011ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಆ ನಾಡು ಹೊರಬಂತು. ಆದರೆ ಆ ಸಮೃದ್ಧಿಯಲ್ಲಿ ಹೆಂಗಸು ಎಲ್ಲಿದ್ದಾಳೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋಗಿಬಂದು ಫೋಟೊ ತೋರಿಸಿದಳು. "ಅಲ್ಲಿಯ ಹೆಂಗಸರನ್ನು ಮಾತಾಡಿಸಿದೆಯೇನೇ?" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಇಲ್ಲ ಟೀಚರ್, ಒಬ್ಬರೂ ಕಾಣಲೇ ಇಲ್ಲ. ಬಡಿಸುತ್ತಿದ್ದವನು ಬಾಂಗ್ಲಾದೇಶದವನು" ಎಂದಳು.

ಕಾಣದಿರುವುದಕ್ಕೆ ಕಾರಣವಿದೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅದೂ ಜನವಸತಿ ಇಲ್ಲದ ದ್ವೀಪದಲ್ಲಿ ಎಂಬ ಪದ್ಧತಿ ಮೊದಲಿನಿಂದ ನಡೆದುಬಂತು. ಮದ್ಯ, ಈಜುಡುಗೆ ಎಲ್ಲ ಆ ದ್ವೀಪದಲ್ಲೇ. ಊರಿನ ಮುಸ್ಲಿಂ ಆಚಾರಕ್ಕೆ ಧಕ್ಕೆ ಬಾರದಿರಲೆಂಬ ಎಚ್ಚರಿಕೆ ಅದು. ಎಚ್ಚರಿಕೆ ಸರಿಯೇ ಇರಬಹುದು. ಆದರೆ ರೆಸಾರ್ಟಿನಲ್ಲಿ ದುಡಿಯುವವರು ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕು. ಮಕ್ಕಳನ್ನು ಬಿಟ್ಟು ಯಾವ ತಾಯಿ ಹೋದಾಳು? ಮಗಳನ್ನು ಯಾವ ಮನೆಯವರು ಕಳಿಸಿಯಾರು? ಹೀಗಾಗಿ ರೆಸಾರ್ಟಿನ ನೌಕರರಲ್ಲಿ ಆ ನಾಡಿನ ಹೆಂಗಸರು ಬಹಳ ಕಡಿಮೆ. ಗಂಡಸರು ದುಡಿಯಲು ಹೋದರು. ಹೆಂಗಸರು ಮಕ್ಕಳನ್ನೂ ಮುದುಕರನ್ನೂ ನೋಡಿಕೊಂಡು ಊರಲ್ಲೇ ಉಳಿದರು.

ಊರಿನ ದ್ವೀಪಗಳಲ್ಲೂ ಅತಿಥಿಗೃಹ ನಡೆಸಬಹುದೆಂದು 2009ರಲ್ಲಿ ಸರ್ಕಾರ ಒಪ್ಪಿತು. ಮಾಫುಶಿಯಂಥ ಊರುಗಳಲ್ಲಿ ಮನೆಯ ಕೋಣೆಗಳೇ ವಸತಿಯಾದವು. ಮನೆಯ ಹತ್ತಿರವೇ ದುಡಿಮೆಗೆ ಒಂದು ಬಾಗಿಲು ತೆರೆಯಿತು. ಜೊತೆಗೆ ಕಸ, ಇಕ್ಕಟ್ಟು, ಸಿಹಿನೀರಿನ ಚಿಂತೆಯೂ ಬಂದವು. ರಾಜಧಾನಿ ಮಾಲೆಯ ಮತ್ತು ರೆಸಾರ್ಟುಗಳ ಕಸ ಸುರಿಯಲೆಂದೇ 1990ರ ದಶಕದಲ್ಲಿ ತಿಲಫುಶಿ ಎಂಬ ದ್ವೀಪವನ್ನು ಮಾಡಿಕೊಂಡಿದ್ದರು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತದಿಂದ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಹೋಯಿತು. 2020ರ ಮಾರ್ಚಿನಿಂದ ಜುಲೈವರೆಗೆ ಕೊರೋನಾದಿಂದ ಪ್ರವಾಸಿಗರೇ ಬರಲಿಲ್ಲ. ಬೇರೆಯವರ ರಜೆಯನ್ನೇ ನಂಬಿದ ಸಂಸಾರ ಎಷ್ಟು ನಾಜೂಕೆಂದು ಆಗ ಎಲ್ಲರಿಗೂ ಅರಿವಾಯಿತು.

2023ರಲ್ಲಿ ಅಲ್ಲಿಗೆ ಹೋದವರಲ್ಲಿ ನಮ್ಮವರದೇ ಮೊದಲ ಸ್ಥಾನ, ಎರಡು ಲಕ್ಷಕ್ಕೂ ಹೆಚ್ಚು. ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ, ಅಥವಾ ಮಗಳು ಅಳಿಯನನ್ನು ಕಳಿಸುವುದಾದರೆ, ಒಂದೆರಡು ದಿನವಾದರೂ ಜನರಿರುವ ದ್ವೀಪದಲ್ಲಿ ಉಳಿಯಲು ಹೇಳಿ. ಊರಿನ ಅಡುಗೆ ಉಣ್ಣಲಿ. ಗದ್ದೂ ಎಂಬ ದ್ವೀಪದ ಹೆಂಗಸರು ಜೊಂಡಿಗೆ ಬಣ್ಣ ಕಟ್ಟಿ ಚಾಪೆ ನೇಯುತ್ತಾರೆ, ಸಿಕ್ಕರೆ ಒಂದನ್ನು ತರಲಿ. ನೇಯ್ದವಳ ಹೆಸರನ್ನೂ ಕೇಳಿಕೊಂಡು ಬರಲಿ.